ದೋರಸಮುದ್ರದಲ್ಲಿ ಅರ್ಧ ದಿನ: ಬಸ್ತಿಹಳ್ಳಿಯ ಎರಡು ಶಾಸನಗಳು

ಪ್ರಾಚೀನ ನಗರಗಳನ್ನು ಅರ್ಧ ದಿನದಲ್ಲಿ ನೋಡಿ ಮುಗಿಸುವುದು ಇಂದಿನ ಪ್ರವಾಸದ ಕ್ರಮವಾಗಿದೆ. ಜೆ.ಪಿ. ನಗರ, ಜಯನಗರ, ಬನಶಂಕರಿಗಳಲ್ಲಿ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳೂ ಇದಕ್ಕೆ ಹೊರತಲ್ಲ. ರಜಾದಿನಗಳಲ್ಲಿ ಬಾಡಿಗೆ ಕಾರು ಗೊತ್ತುಮಾಡಿಕೊಂಡು ಶ್ರವಣಬೆಳಗೊಳದಲ್ಲಿ ಬಾಹುಬಲಿ ಸ್ವಾಮಿಯ ದರ್ಶನ ಪಡೆದು, ಅಲ್ಲಿಂದ ಬೇಲೂರು, ಹಳೇಬೀಡುಗಳಿಗೆ ಹೋಗುತ್ತಾರೆ. ಹಳೇಬೀಡಿಗೆ ದೊರೆಯುವುದು ಹೆಚ್ಚೆಂದರೆ ಅರ್ಧ ದಿನ. ಆ ಅಲ್ಪಾವಧಿಯಲ್ಲಿ ನಾವು ಏನನ್ನು ನೋಡುತ್ತೇವೆ, ಏನನ್ನು ನೋಡದೆ ಬರುತ್ತೇವೆ ಎಂಬುದು ವಿಚಾರಾರ್ಹವಾದ ಸಂಗತಿ.

ಈ ಮಾತು ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲ. ಇಂದಿನ ತುರ್ಕಿ ದೇಶದಲ್ಲಿರುವ ಗ್ರೀಕರ ಎಫೆಸಸ್ ನಗರಕ್ಕೂ ಇಂತಹುದೇ ಅರ್ಧ ದಿನದ ಪ್ರವಾಸಗಳಿವೆ. ಅಲ್ಲಿ ಯಾತ್ರಿಕರನ್ನು ಬೆರಗುಗೊಳಿಸುವುದು ಸೆಲ್ಸಸ್ ಗ್ರಂಥಾಲಯದ ಭವ್ಯ ಮುಂಭಾಗ. ಅದು ರೋಮನ್ನರ ಕಾಲದ ಕಟ್ಟಡ. ಬಿದ್ದುಹೋಗಿದ್ದ ಕಲ್ಲುಗಳನ್ನು ಕಳೆದ ಶತಮಾನದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಲಾಯಿತು. ಆದರೆ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದೆನಿಸಿದ್ದ, ಆ ಊರಿಗೆ ಹೆಸರು ತಂದುಕೊಟ್ಟ ಆರ್ಟೆಮಿಸ್ ದೇವಾಲಯದ ಸ್ಥಳದಲ್ಲಿ ಚೂರುಗಳನ್ನು ಒಂದರ ಮೇಲೊಂದಿಟ್ಟು ನಿಲ್ಲಿಸಿದ ಒಂದೇ ಒಂದು ಕಂಬ ಜೌಗು ನೆಲದಲ್ಲಿ ನಿಂತಿದೆ. ಉಳಿದುಬಂದದ್ದನ್ನು ನೋಡಿ ನಗರವನ್ನೇ ಕಂಡೆವೆಂದು ತಿಳಿಯುವುದು ಎಲ್ಲ ಯಾತ್ರಿಕರಿಗೂ ಸಹಜವಾದ ಭ್ರಮೆ.

ಹಳೇಬೀಡೆಂದರೆ ಹಳೆಯ ಬೀಡು, ಎಂದರೆ ಹಿಂದಿನ ರಾಜಧಾನಿ. ಅಲ್ಲಿನ ವಿಶಾಲವಾದ ಕೆರೆಯಿಂದಾಗಿ ದೋರಸಮುದ್ರವೆಂದು ಪ್ರಸಿದ್ಧವಾಗಿದ್ದ ಈ ಪಟ್ಟಣ 11ನೇ ಶತಮಾನದಿಂದ ಹೊಯ್ಸಳರ ಆಳ್ವಿಕೆಯ ಕೇಂದ್ರವಾಯಿತು. 1311ರಲ್ಲಿ ಮಲಿಕ್ ಕಾಫರನ ದಂಡಯಾತ್ರೆಯಿಂದಲೂ, ಅನಂತರ ತುಘಲಕರ ಸೇನೆಯಿಂದಲೂ ಪೆಟ್ಟು ತಿಂದು ಕ್ರಮೇಣ ಹಾಳಾಯಿತು. ಇಲ್ಲಿಯ ಹೊಯ್ಸಳೇಶ್ವರ ದೇವಾಲಯವು ಬೇಲೂರು, ಸೋಮನಾಥಪುರಗಳ ದೇವಾಲಯಗಳೊಡನೆ 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ.

ಹೊಯ್ಸಳೇಶ್ವರದ ಹೊರಗೋಡೆಯ ಆನೆ, ಸಿಂಹ, ಕುದುರೆಗಳ ಸಾಲುಗಳನ್ನೂ ದೇವತಾಮೂರ್ತಿಗಳನ್ನೂ ಮಾರ್ಗದರ್ಶಿಗಳು ಚೆನ್ನಾಗಿಯೇ ವಿವರಿಸುತ್ತಾರೆ. ಅವರ ವಿವರಣೆಯಲ್ಲಿ ಸಾಮಾನ್ಯವಾಗಿ ಹಾರಿಹೋಗುವ ಒಂದು ಅಂಶವಿದೆ. ಈ ಜೋಡಿ ಗುಡಿಗಳಲ್ಲಿ ಒಂದಕ್ಕೆ ಶಾಂತಲೇಶ್ವರವೆಂದು ಹೆಸರು. ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲಾದೇವಿ ಜಿನಭಕ್ತೆ. ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು. 1131ರಲ್ಲಿ ಶಿವಗಂಗೆಯಲ್ಲಿ ದೇಹತ್ಯಾಗ ಮಾಡಿದವಳು. ಜೈನ ರಾಣಿಯೊಬ್ಬಳ ಹೆಸರು ಶಿವಾಲಯಕ್ಕೆ ಸಲ್ಲುವಂತಹ ವಾತಾವರಣ ಆ ನಗರದಲ್ಲಿತ್ತು.

ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಬಸ್ತಿಹಳ್ಳಿ ಇದೆ. ಒಂದೇ ಆವರಣದಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಸ್ವಾಮಿಗಳ ಮೂರು ಬಸದಿಗಳು ನಿಂತಿವೆ. ಹೊರಗೋಡೆಗಳಲ್ಲಿ ಅಲಂಕಾರವಿಲ್ಲ, ಆದ್ದರಿಂದಲೇ ಅವಸರದ ಯಾತ್ರಿಕರು ಇತ್ತ ಬರುವುದು ಕಡಿಮೆ. ಒಳಗೆ ಹೋದವರಿಗೆ ಮಾತ್ರ ಆ ಸರಳತೆಯ ಅರ್ಥ ತಿಳಿಯುತ್ತದೆ. ಪಾರ್ಶ್ವನಾಥ ಬಸದಿಯ ನವರಂಗದ ಕಂಬಗಳನ್ನು ಕನ್ನಡಿಯಂತೆ ನಯಗೊಳಿಸಲಾಗಿದೆ. ಗರ್ಭಗೃಹದಲ್ಲಿ ಆಳೆತ್ತರದ ಎರಡರಷ್ಟನ್ನೂ ಮೀರಿದ ಸ್ವಾಮಿಯ ಮೂರ್ತಿ ಸರ್ಪದ ಹೆಡೆಗಳ ನೆರಳಿನಲ್ಲಿ ಕಾಯೋತ್ಸರ್ಗ ಭಂಗಿಯಲ್ಲಿದೆ.

ಈ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪ. ಅವನ ತಂದೆ ಗಂಗರಾಜ ವಿಷ್ಣುವರ್ಧನನ ಮಹಾದಂಡನಾಯಕ. ಮೆಚ್ಚಿದ ಅರಸನು ಬೇಕಾದುದನ್ನು ಕೇಳೆಂದಾಗ, ಗಂಗರಾಜನು ಊರೊಂದನ್ನು ಮಾತ್ರ ಬೇಡಿ ಪಡೆದು, ಅದನ್ನು ತನ್ನ ತಾಯಿ ಮತ್ತು ಹೆಂಡತಿ ಕಟ್ಟಿಸಿದ ಜಿನಾಲಯಗಳಿಗೆ ಬಿಟ್ಟನೆಂದು ಶಾಸನಗಳು ಹೇಳುತ್ತವೆ. ಗಳಿಸುವ ಅವಕಾಶವಿದ್ದಾಗ ತನಗೆಂದು ಏನನ್ನೂ ಇಟ್ಟುಕೊಳ್ಳದ ಈ ನಡೆ ಅಪರಿಗ್ರಹಕ್ಕೆ ಒಳ್ಳೆಯ ನಿದರ್ಶನ. ಅಂತಹ ತಂದೆ ತೀರಿಕೊಂಡಾಗ ಮಗನು ಪರೋಕ್ಷವಿನಯವಾಗಿ ಈ ಜಿನಾಲಯವನ್ನು ಎತ್ತಿಸಿ, ತಂದೆಯ ಬಿರುದಿನಿಂದ ದ್ರೋಹಘರಟ್ಟ ಜಿನಾಲಯವೆಂದು ಕರೆದನು.

ಬಸದಿಯ ಶಾಸನ ಇಲ್ಲಿ ಒಂದು ಹೃದ್ಯವಾದ ಪ್ರಸಂಗವನ್ನು ತಿಳಿಸುತ್ತದೆ. ಪ್ರತಿಷ್ಠೆಯಾದ ಮೇಲೆ ಅರ್ಚಕರು ಶೇಷೆಯನ್ನೂ ಗಂಧೋದಕವನ್ನೂ ತೆಗೆದುಕೊಂಡು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದರು. ಅದೇ ಸಮಯಕ್ಕೆ ಅರಸನಿಗೆ ಯುದ್ಧದಲ್ಲಿ ಜಯ ದೊರೆತಿತ್ತು; ರಾಣಿ ಲಕ್ಷ್ಮೀದೇವಿಗೆ ಗಂಡುಮಗು ಜನಿಸಿತ್ತು. ಅರಸನು ಅರ್ಚಕರನ್ನು ಎದ್ದು ಆದರಿಸಿ, ಗಂಧೋದಕವನ್ನು ಭಕ್ತಿಯಿಂದ ಸ್ವೀಕರಿಸಿ, ಈ ಪ್ರತಿಷ್ಠೆಯ ಫಲವಾಗಿಯೇ ಎರಡು ಶುಭಗಳೂ ಒದಗಿದವೆಂದು ಹೇಳಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು.

ವಿಷ್ಣುವರ್ಧನನು ವೈಷ್ಣವನಾಗಿ ಇಲ್ಲಿದ್ದ 720 ಬಸದಿಗಳನ್ನು ಕೆಡವಿಸಿದನೆಂಬ ಕಥೆಯನ್ನು ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತ ಬಂದಿದ್ದಾರೆ. ಅರಸನು ಬದುಕಿದ್ದಾಗಲೇ, ಅವನ ರಾಜಧಾನಿಯಲ್ಲೇ ಕೆತ್ತಿಸಿದ 1133ರ ಶಾಸನ ಆ ಕಥೆಗೆ ಎದುರು ಸಾಕ್ಷಿಯಾಗಿದೆ. ಸತ್ಯವ್ರತವನ್ನು ಪಾಲಿಸುವ ಶ್ರಾವಕನು ತನ್ನ ಪರವಾಗಿ ಕರುಣೆ ಹುಟ್ಟಿಸುವ ಕಥೆಯನ್ನೂ ದಾಖಲೆಯ ಒರೆಗಲ್ಲಿಗೆ ಹಚ್ಚಬೇಕಲ್ಲವೇ?

ಹಾಗೆಂದ ಮಾತ್ರಕ್ಕೆ ಘರ್ಷಣೆಗಳೇ ಇರಲಿಲ್ಲವೆಂದಲ್ಲ. ಅದೇ ಬಸದಿಯ 1638ರ ಶಾಸನವನ್ನು ನೋಡಬೇಕು. ಆಗ ಹೊಯ್ಸಳರು ಅಳಿದು ಮೂರು ಶತಮಾನಗಳು ಕಳೆದಿದ್ದವು. ಬೇಲೂರು ನಾಯಕರ ಆಳ್ವಿಕೆಯಲ್ಲಿತ್ತು. ಹುಚ್ಚಪ್ಪದೇವರೆಂಬ ವೀರಶೈವರು ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದರು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿಹಾಕಿದನು. ಎರಡೂ ಕಡೆ ಮನಸ್ಸುಗಳು ಕೆರಳಿದ್ದವು. ಜೈನ ಮುಖಂಡರು ಕೈಗೆ ಕೈ ಎತ್ತಲಿಲ್ಲ. ವೀರಶೈವ ಹಿರಿಯರ ಮುಂದೆ ಬಿನ್ನವಿಸಿಕೊಂಡರು. ವೀರಶೈವರ ಮಹಾಮಹತ್ತು ಸಭೆ ಸೇರಿ ತೀರ್ಮಾನ ನೀಡಿತು: ಮೊದಲು ವಿಭೂತಿ, ವೀಳ್ಯವನ್ನು ಸಲ್ಲಿಸಿ, ಅನಂತರ ಜೈನರು ತಮ್ಮ ದೇವರ ಪೂಜೆ, ಅಭಿಷೇಕಾದಿಗಳನ್ನು ಪೂರ್ವಮರ್ಯಾದೆಯಂತೆ ನಡೆಸಿಕೊಂಡು ಬರಬೇಕು. ಈ ಜೈನಧರ್ಮಕ್ಕೆ ಅಡ್ಡಿಪಡಿಸಿದವನು ಶಿವದ್ರೋಹಿ, ಜಂಗಮದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ ತಪ್ಪಿದವನು ಎಂದು ಸಭೆ ಶಾಪವಾಕ್ಯವನ್ನೂ ಬರೆಸಿತು.

ವ್ಯಾಪಾರದಲ್ಲಿ ಆಯುಷ್ಯ ಕಳೆದವನಿಗೆ ರಾಜಿಪತ್ರಗಳನ್ನು ಓದುವ ಅಭ್ಯಾಸವಿರುತ್ತದೆ. ಈ ರಾಜಿಯಲ್ಲಿ ಎರಡು ಪಕ್ಷಗಳೂ ಸಮಾನವಾಗಿರಲಿಲ್ಲ. ತಮ್ಮದೇ ಬಸದಿಯಲ್ಲಿ ವಿಭೂತಿ, ವೀಳ್ಯ ಮುಂದಾಗಬೇಕೆಂಬ ನಿಬಂಧನೆ ಆ ಶ್ರಾವಕರಿಗೆ ಸುಲಭವಾದ ತುತ್ತಾಗಿರಲಾರದು. ಆದರೂ ಪೂಜೆ ನಿಲ್ಲಬಾರದೆಂಬ ಮುಖ್ಯವಾದ ಅಂಶವನ್ನು ಹಿಡಿದು, ಮಾನದ ಪ್ರಶ್ನೆಯನ್ನು ಅವರು ಬಿಟ್ಟುಕೊಟ್ಟರು. ಅದಕ್ಕಿಂತ ದೊಡ್ಡ ನಡೆ ಎದುರು ಪಕ್ಷದ್ದು. ಬಲವುಳ್ಳ ಸಮಾಜದ ಹಿರಿಯರು ತಮ್ಮವನೇ ಮಾಡಿದ ಕಾರ್ಯಕ್ಕೆ ಎಲ್ಲೆ ಹಾಕಿದರು. ಅದಕ್ಕೆ ತಮ್ಮ ಧರ್ಮದ ಆಣೆಯನ್ನೇ ಬಳಸಿದರು.

ಇದನ್ನು 1368ರ ಬುಕ್ಕರಾಯನ ಶಾಸನದೊಡನೆ ಹೋಲಿಸಬಹುದು. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿಯೂ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇರುವ ಆ ಶಾಸನದಲ್ಲಿ ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದನು. ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡುವುದು, ವೈಷ್ಣವರ ಮುಖಂಡ ತಾತಯ್ಯನು ಅದರಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಿ, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವುದು ಎಂಬ ಏರ್ಪಾಡಾಯಿತು. ಅಲ್ಲಿ ರಾಜದಂಡವಿತ್ತು. 1638ರಲ್ಲಿ ತೀರ್ಪು ಕೊಟ್ಟದ್ದು ಹಿರಿಯರ ಸಭೆ. ಇದೇ ಹಳೇಬೀಡಿನ ಶಾಸನದ ವೈಶಿಷ್ಟ್ಯ.

ನಾವು ಈ ಕನ್ನಡಿಯಲ್ಲಿ ನಮ್ಮ ಮುಖವನ್ನೂ ನೋಡಿಕೊಳ್ಳಬೇಕು. ಮಹಾರಾಷ್ಟ್ರದ ಶಿರಪುರದ ಅಂತರಿಕ್ಷ ಪಾರ್ಶ್ವನಾಥ ಕ್ಷೇತ್ರದಲ್ಲಿ ದಿಗಂಬರ, ಶ್ವೇತಾಂಬರರ ವಿವಾದದಿಂದಾಗಿ ದಶಕಗಳ ಕಾಲ ಮುಚ್ಚಿದ್ದ ಬಾಗಿಲು ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇಲೆ 2023ರಲ್ಲಿ ತೆರೆಯಿತು. ಅಲ್ಲಿಯೂ ಪಾರ್ಶ್ವನಾಥನೇ, ಎರಡು ಕಡೆಯವರೂ ಜೈನರೇ. ಅನೇಕಾಂತವನ್ನು ಜಗತ್ತಿಗೆ ಬೋಧಿಸುವ ನಮ್ಮಲ್ಲಿ ತಮ್ಮ ಪಕ್ಷದವರಿಗೇ "ಇಷ್ಟು ಸಾಕು, ನಿಲ್ಲಿಸಿ" ಎನ್ನುವ ಹಿರಿಯರು ಎಷ್ಟು ಮಂದಿ ಇದ್ದಾರೆ? ಹಳೇಬೀಡಿನ ಮಹಾಮಹತ್ತು ಮಾಡಿದ ಕೆಲಸವನ್ನು ನಮ್ಮ ಟ್ರಸ್ಟುಗಳು ತಮ್ಮೊಳಗೆ ಮಾಡಬಲ್ಲವೇ?

ಆದ್ದರಿಂದ ಯಾತ್ರೆಗೆ ಹೊರಡುವ ಕುಟುಂಬಗಳಲ್ಲಿ ಒಂದು ವಿನಂತಿ. ಹಳೇಬೀಡಿನ ಅರ್ಧ ದಿನದಲ್ಲಿ ಹೊಯ್ಸಳೇಶ್ವರವನ್ನು ಮನಸಾರೆ ನೋಡಿ. ಆದರೆ ಒಂದು ಗಂಟೆಯನ್ನು ಬಸ್ತಿಹಳ್ಳಿಗೆ ಮೀಸಲಿಡಿ. ನವರಂಗದಲ್ಲಿ ಮಕ್ಕಳನ್ನು ಕೂರಿಸಿ ಎರಡು ಶಾಸನಗಳ ಕಥೆಯನ್ನೂ ಹೇಳಿ. ಯಾತ್ರೆಗಳನ್ನು ಏರ್ಪಡಿಸುವ ಬಸದಿಗಳ ಆಡಳಿತ ಮಂಡಳಿಗಳು 1133 ಮತ್ತು 1638ರ ಶಾಸನಗಳ ಸಾರಾಂಶವನ್ನು ಸರಳ ಕನ್ನಡದಲ್ಲಿ ಒಂದು ಹಾಳೆಯಷ್ಟು ಅಚ್ಚು ಹಾಕಿಸಿ ಯಾತ್ರಿಕರಿಗೆ ಹಂಚಬಹುದು. ಅದಕ್ಕೆ ತಗಲುವ ವೆಚ್ಚ ಅತ್ಯಲ್ಪ. ವಿವಾದವೊಂದು ಟ್ರಸ್ಟಿನ ಮುಂದೆ ಬಂದ ದಿನ, ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲು, ಆ ಹಾಳೆಯನ್ನು ಸಭೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿದರೆ ಅದರ ಪ್ರಯೋಜನ ಇನ್ನೂ ಹಿರಿದು.