ಗಿರಣಿಯ ಹಾಜರಿಪಟ್ಟಿ ಮತ್ತು ಜೀವನಾಧಾರದ ಹಕ್ಕು

ಯಂತ್ರವು ಕಾರ್ಮಿಕನ ಕೆಲಸವನ್ನು ಕಸಿದುಕೊಳ್ಳುವ ಪ್ರಶ್ನೆಯು ಗಣಕಯಂತ್ರದೊಡನೆ ಹುಟ್ಟಿದುದೆಂದು ಭಾವಿಸುವುದು ಸರಿಯಲ್ಲ. ಮುಂಬಯಿಯ ಗಿರಣಗಾಂವ್ ಅದನ್ನು ಸುಮಾರು ಒಂದು ಶತಮಾನದ ಹಿಂದೆಯೇ ಎದುರಿಸಿತ್ತು. 1854ರಲ್ಲಿ ಕಾವಸ್‌ಜಿ ನಾನಾಭಾಯಿ ದಾವರ್ ಅವರ ಕಂಪನಿಯಿಂದ ಆರಂಭಗೊಂಡ ಹತ್ತಿ ಗಿರಣಿಗಳ ಉದ್ಯಮವು 1920ರ ದಶಕದಲ್ಲಿ ಜಪಾನಿನ ಸ್ಪರ್ಧೆಗೆ ಸಿಲುಕಿತು. ಆಗ ಕೆಲವು ಗಿರಣಿಗಳಲ್ಲಿ ಎರಡು ಮಗ್ಗಗಳ ನೇಕಾರನಿಗೆ ಮೂರು ಮಗ್ಗಗಳನ್ನು ವಹಿಸಲಾಯಿತು, ಉಳಿದವರು ಹೊರಬಿದ್ದರು. 1928ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನಡೆದ ಸಾರ್ವತ್ರಿಕ ಮುಷ್ಕರದ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಕೆಲಸ ಕಳೆದುಕೊಂಡವನಿಗೆ ಶಾಸನಬದ್ಧ ಪರಿಹಾರ ದೊರೆತುದು ಬಹುಕಾಲದ ನಂತರ. 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಮಾಡಿದ ತಿದ್ದುಪಡಿಯು, ಕೆಲಸದಿಂದ ತೆಗೆಯಲ್ಪಟ್ಟವನಿಗೆ ಪ್ರತಿ ಸೇವಾವರ್ಷಕ್ಕೆ ಹದಿನೈದು ದಿನಗಳ ವೇತನವನ್ನು ವಿಧಿಸಿತು. ಆದರೆ ಗೈರುಹಾಜರಾದವನ ಸ್ಥಾನದಲ್ಲಿ ದುಡಿಯುತ್ತಿದ್ದ ‘ಬದಲಿ’ ಕಾರ್ಮಿಕನನ್ನು, ಒಂದು ವರ್ಷದ ನಿರಂತರ ಸೇವೆ ಪೂರೈಸಿದ್ದ ಹೊರತು, ಲೇ-ಆಫ್ ಪರಿಹಾರದಿಂದ ಹೊರಗಿಟ್ಟಿತು. ಗಿರಣಿ ಕಾರ್ಮಿಕರಿಗೆ ಊಟವಿಕ್ಕುತ್ತಿದ್ದ ಖಾನಾವಳಿಯ ಹೆಂಗಸರಂತೂ ಯಾವ ಹಾಜರಿಪಟ್ಟಿಯಲ್ಲಿಯೂ ಇರಲಿಲ್ಲ. ಹೀಗೆ ಹಕ್ಕು ವ್ಯಕ್ತಿಗೆ ಸೇರದೆ ಹುದ್ದೆಗೆ ಸೇರಿತ್ತು ಎಂಬುದು ಗಮನಾರ್ಹ.

1982ರ ಜನವರಿ 18ರಂದು ದತ್ತಾ ಸಾಮಂತ್ ಅವರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಪಾಲ್ಗೊಂಡರು. ತರುವಾಯದ ಉದ್ಯೋಗನಾಶವನ್ನು ಯಂತ್ರವೊಂದಕ್ಕೇ ಆರೋಪಿಸಲಾಗದು. ನೇಯ್ಗೆಯು ಭಿವಂಡಿಯ ವಿದ್ಯುತ್ ಮಗ್ಗಗಳಿಗೆ ಸರಿಯಿತು. ಅಲ್ಲಿ ಗಿರಣಿಗಳು ತ್ಯಜಿಸಿದ ಹಳೆಯ ಮಗ್ಗಗಳೂ ದುಡಿಯುತ್ತಿದ್ದವು. ಅಗ್ಗದ ಶ್ರಮವೂ ಗಿರಣಿಯ ನೆಲದ ಬೆಲೆಯೂ ಇಲ್ಲಿ ಯಂತ್ರದಷ್ಟೇ ನಿರ್ಣಾಯಕವಾದವು. 1991ರ ನಗರಾಭಿವೃದ್ಧಿ ನಿಯಮವು ಗಿರಣಿಭೂಮಿಯ ಮೂರನೆಯ ಒಂದೊಂದು ಪಾಲನ್ನು ಬಯಲಿಗೂ ಸಾರ್ವಜನಿಕ ವಸತಿಗೂ ಮೀಸಲಿಟ್ಟಿತ್ತು. 2001ರ ತಿದ್ದುಪಡಿಯು ಈ ಹಂಚಿಕೆಯನ್ನು ಖಾಲಿ ನೆಲಕ್ಕೆ ಮಾತ್ರ ಸೀಮಿತಗೊಳಿಸಿತು. ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಅದನ್ನು ಎತ್ತಿಹಿಡಿಯಿತು.

ಈ ಹಿನ್ನೆಲೆಯಲ್ಲಿ ಸಾರ್ವತ್ರಿಕ ಮೂಲ ಆದಾಯದ ವಿಚಾರವನ್ನು ಪರಿಶೀಲಿಸಬೇಕಾಗಿದೆ. ಮಹಾರಾಷ್ಟ್ರದ 1977ರ ಉದ್ಯೋಗ ಖಾತರಿ ಕಾಯಿದೆಯು ಗ್ರಾಮೀಣರಿಗೆ ಕೆಲಸದ ಹಕ್ಕನ್ನು ನೀಡಿತು. ನಗರದ ಗಿರಣಿ ಕಾರ್ಮಿಕನಿಗೆ ಅದು ಅನ್ವಯಿಸಲಿಲ್ಲ. 2016-17ರ ಕೇಂದ್ರ ಆರ್ಥಿಕ ಸಮೀಕ್ಷೆಯು ಮೂಲ ಆದಾಯವನ್ನು ಚರ್ಚಿಸುತ್ತ ವರ್ಷಕ್ಕೆ ತಲಾ 7,620 ರೂಪಾಯಿಗಳ ಲೆಕ್ಕವನ್ನು ಮುಂದಿಟ್ಟಿತು. ತಿಂಗಳಿಗೆ 635 ರೂಪಾಯಿಗಳ ಈ ಮೊತ್ತವು ಕಳೆದುಹೋದ ವೇತನಕ್ಕೆ ಸಮನಲ್ಲ. ಸಂಘಟನೆಯ ಬಲಕ್ಕೂ ಪರ್ಯಾಯವಲ್ಲ. ಆದರೂ ಅದರ ತತ್ತ್ವವು ಮುಖ್ಯವಾದುದು: ಬದಲಿ ಕಾರ್ಮಿಕನಾಗಲಿ, ಖಾನಾವಳಿಯ ಹೆಂಗಸಾಗಲಿ, ಹಕ್ಕುದಾರರಾಗಲು ಹಾಜರಿಪಟ್ಟಿಯಲ್ಲಿ ಹೆಸರಿರಬೇಕಾಗಿಲ್ಲ.

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳ ಕಾರ್ಮಿಕ ಚರಿತ್ರೆಯನ್ನು ಬರೆಯುವವರು ಗಿರಣಿಯ ದಾಖಲೆಗಳಷ್ಟನ್ನೇ ನೆಚ್ಚಿದರೆ ಇಂಥವರು ಮತ್ತೊಮ್ಮೆ ಹೊರಗುಳಿಯುತ್ತಾರೆ. ಶಾಸನವು ಯಾರನ್ನು ಎಣಿಸಲಿಲ್ಲವೋ ಅವರಿಂದಲೇ ಅಧ್ಯಯನವನ್ನು ಆರಂಭಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.