ಯಂತ್ರ ಬದಲಾದರೂ ಉಳಿದ ತಂತ್ರಾಂಶ

16 ಚೌಕಗಳಿವೆ, ಒಂದೊಂದರಲ್ಲೂ ಸೊನ್ನೆ ಇಲ್ಲವೇ ಒಂದನ್ನು ಮಾತ್ರ ಬರೆಯಬಹುದು ಎಂದುಕೊಳ್ಳಿ. ಎಷ್ಟು ಬೇರೆ ಬೇರೆ ಸಂಖ್ಯೆಗಳು ಸಿಗುತ್ತವೆ? ಲೆಕ್ಕ ಹಾಕಿ ನೋಡಿ, 65,536. ಪಿಡಿಪಿ-11 ಎಂಬ ಗಣಕಯಂತ್ರದಲ್ಲಿ ಮೆಮೊರಿಯ ಮನೆಗಳಿಗೆ ವಿಳಾಸ ಬರೆಯಲು ಇದ್ದದ್ದು ಇಷ್ಟೇ ಜಾಗ. ಹೆಚ್ಚು ಮನೆ ಕಟ್ಟಿದರೂ ಅವನ್ನೆಲ್ಲ ಒಟ್ಟಿಗೆ ಕರೆಯಲು ಪ್ರೋಗ್ರಾಮಿಗೆ ವಿಳಾಸ ಸಾಲದು.

ಹಾಗಾದರೆ ದೊಡ್ಡ ಯಂತ್ರ ಕೊಳ್ಳಬಹುದಲ್ಲ ಎನ್ನುತ್ತೀರಿ. ಆದರೆ ಆಗ ತಂತ್ರಾಂಶದ ಗತಿ? ಹಳೆಯ ಟೇಪು ಕೈಯಲ್ಲಿದ್ದು, ಅದನ್ನು ಓಡಿಸುವ ಯಂತ್ರ ಇಲ್ಲದ ಸಂಕಟ ಟಿ.ವಿ. ಕೆಲಸದಲ್ಲಿರುವ ನಮಗೆ ಚೆನ್ನಾಗಿ ಗೊತ್ತು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಹುಟ್ಟಿದ ಯುನಿಕ್ಸ್ ಮೊದಲು ಪಿಡಿಪಿ-7ರ ಯಂತ್ರಕ್ಕೇ ಅಂಟಿದ ಭಾಷೆಯಲ್ಲಿತ್ತು. 1973ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದನ್ನು ಪಿಡಿಪಿ-11ರ ಮೇಲೆ ಸಿ ಭಾಷೆಯಲ್ಲಿ ಮತ್ತೆ ಬರೆದರು. ಯಂತ್ರದ ಹಂಗು ನಿಜವಾಗಿ ಹರಿದಿತ್ತೇ? 1977ರಲ್ಲಿ ರಿಚಿ ಮತ್ತು ಸ್ಟೀಫನ್ ಜಾನ್ಸನ್ ಅದನ್ನು ಇಂಟರ್‌ಡೇಟಾ 8/32 ಎಂಬ 32 ಬಿಟ್ ಯಂತ್ರಕ್ಕೆ ಸಾಗಿಸಲು ಹೊರಟರು. ಪಿಡಿಪಿ-11ರಂತೆ ಇಲ್ಲ ಎಂಬುದೇ ಆ ಯಂತ್ರದ ಗುಣ! ಅದೇ ವರ್ಷ ಆಸ್ಟ್ರೇಲಿಯಾದ ವುಲಂಗಾಂಗ್‌ನಲ್ಲಿ ರಿಚರ್ಡ್ ಮಿಲ್ಲರ್ ತಾವಾಗಿಯೇ ಇಂಥದೇ ಕೆಲಸವನ್ನು ಇಂಟರ್‌ಡೇಟಾ 7/32ರ ಮೇಲೆ ಮಾಡಿದರು.

ಅಡಗಿದ್ದ ಊಹೆಗಳು ಇಂಥ ಸಾಗಾಟದಲ್ಲಿ ಹೊರಬಿದ್ದವು. ಎರಡು ಬೈಟುಗಳನ್ನು ಜೋಡಿಸುವ ಕ್ರಮ ಎರಡು ಯಂತ್ರಗಳಲ್ಲಿ ತಿರುವುಮುರುವಾಗಿದ್ದರೆ, ಯು-ಎನ್-ಐ-ಎಕ್ಸ್ ಎಂಬ ಅಕ್ಷರಗಳು ಎನ್-ಯು-ಎಕ್ಸ್-ಐ ಆಗುತ್ತವೆ. ಈ ತೊಂದರೆಗೆ ‘ನುಕ್ಸಿ’ ಎಂದೇ ಹೆಸರು ಬಿತ್ತು. ಕ್ರಮವನ್ನು ಯಂತ್ರಕ್ಕೆ ಬಿಡದೆ ಪ್ರೋಗ್ರಾಮಿನಲ್ಲೇ ಸ್ಪಷ್ಟವಾಗಿ ಬರೆಯುವುದೇ ಇದಕ್ಕೆ ಮದ್ದು.

ಇನ್ನೊಂದು ಊಹೆ ಹೆಚ್ಚು ಕಾಲ ಅವಿತಿತ್ತು. ಪಿಡಿಪಿ-11ರಲ್ಲಿ ಪೂರ್ಣಾಂಕವೂ ವಿಳಾಸವೂ 16 ಬಿಟ್. 1977ರ ವ್ಯಾಕ್ಸ್ ಯಂತ್ರದಲ್ಲಿ ಎರಡೂ 32. ಹೀಗಾಗಿ ವಿಳಾಸವನ್ನು ಪೂರ್ಣಾಂಕದ ಜಾಗದಲ್ಲಿಟ್ಟರೂ ಏನೂ ಆಗುತ್ತಿರಲಿಲ್ಲ. 1992ರಲ್ಲಿ ಬಂದ ಆಲ್ಫಾ ಪ್ರೊಸೆಸರಿನ ಯುನಿಕ್ಸ್‌ನಲ್ಲಿ ವಿಳಾಸ 64 ಬಿಟ್ ಆಯಿತು, ಸಾಮಾನ್ಯ ಪೂರ್ಣಾಂಕ 32ರಲ್ಲೇ ಉಳಿಯಿತು. ಹಳೆಯ ಅಭ್ಯಾಸದಂತೆ ಬರೆದಲ್ಲಿ ವಿಳಾಸದ ಅರ್ಧ ಕತ್ತರಿಸಿಹೋಗಿ, ಪ್ರೋಗ್ರಾಮು ಇಲ್ಲದ ಮನೆಯ ಬಾಗಿಲು ತಟ್ಟಿ ಅಲ್ಲೇ ಕುಸಿಯುತ್ತಿತ್ತು. ಬರೆದವನದು ಸೋಮಾರಿತನವೆನ್ನಲಾರೆ, ಇಪ್ಪತ್ತು ವರ್ಷ ತಪ್ಪೆಂದು ತೋರದ ತಪ್ಪು ಅದು.

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಕೂಡ 1991ರಲ್ಲಿ ಲಿನಕ್ಸನ್ನು ಇಂಟೆಲ್ 386 ಒಂದಕ್ಕೇ ಬರೆದಿದ್ದ. ಆಮೇಲೆ ಅದನ್ನು ಆಲ್ಫಾಕ್ಕೆ ಸಾಗಿಸಬೇಕಾದಾಗ ಯಂತ್ರಕ್ಕೆ ಅಂಟಿದ ಭಾಗಗಳನ್ನೆಲ್ಲ ಬೇರ್ಪಡಿಸಿ ‘ಆರ್ಚ್’ ಎಂಬ ಕಡತಕೋಶಕ್ಕೆ ತಂದರು. 1995ರ 1.2 ಆವೃತ್ತಿಯಲ್ಲಿ ಆ ಕೋಶದೊಳಗೆ ಇಂಟೆಲ್, ಆಲ್ಫಾ, ಮಿಪ್ಸ್, ಸ್ಪಾರ್ಕ್ ಯಂತ್ರಗಳಿಗೆ ಒಂದೊಂದು ಕೋಣೆ ಇತ್ತು. ಉಳಿದದ್ದೆಲ್ಲ ಎಲ್ಲರಿಗೂ ಒಂದೇ.