ಜಾವಾ ಮತ್ತು ಯೆಜ್ಡಿ ಎಂಜಿನ್ ಪುನಶ್ಚೇತನ

ಜಾವಾ ಮತ್ತು ಯೆಜ್ಡಿ ಎಂಜಿನ್ ಪುನಶ್ಚೇತನ ಎಂದರೆ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗಿ, ಬಹುಕಾಲ ಬಳಕೆಯಿಲ್ಲದೆ ನಿಂತು ಒಳಭಾಗಗಳು ಕಚ್ಚಿಕೊಂಡ ಮೋಟಾರು ಸೈಕಲ್ ಎಂಜಿನ್ನನ್ನು ಬಿಡಿಸಿ, ಸವೆದ ಭಾಗಗಳನ್ನು ಸರಿಪಡಿಸಿ, ಮತ್ತೆ ಓಡುವ ಸ್ಥಿತಿಗೆ ತರುವ ಕೆಲಸ. ಹೀಗೆ ಕಚ್ಚಿಕೊಂಡ ಎಂಜಿನ್ನನ್ನು ಗ್ಯಾರೇಜುಗಳಲ್ಲಿ ‘ಸೀಜ್ ಆಗಿದೆ’ ಅಥವಾ ‘ಜಾಮ್ ಆಗಿದೆ’ ಎನ್ನುತ್ತಾರೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳೂ ಸೇರಿದಂತೆ ಕರ್ನಾಟಕದ ಅನೇಕ ಊರುಗಳಲ್ಲಿ ಇಂತಹ ವಾಹನಗಳು ಕೊಟ್ಟಿಗೆ, ಹಿತ್ತಿಲು ಮತ್ತು ಗೋದಾಮುಗಳಲ್ಲಿ ಉಳಿದುಕೊಂಡಿವೆ. ಇವುಗಳ ಮೂಲ ಭಾಗಗಳ ತಯಾರಿಕೆ ನಿಂತುಹೋಗಿರುವುದರಿಂದ ಅವಸರದಲ್ಲಿ ಮುರಿದ ಒಂದು ಭಾಗಕ್ಕೆ ಬದಲಿ ಸಿಗುವುದು ಕಷ್ಟ. ಆದ್ದರಿಂದ ಈ ಕೆಲಸದಲ್ಲಿ ಬಲಕ್ಕಿಂತ ತಾಳ್ಮೆಗೆ ಹೆಚ್ಚಿನ ಬೆಲೆಯಿದೆ.

## ಹಿನ್ನೆಲೆ

ಜಾವಾ ಮೂಲತಃ ಚೆಕೊಸ್ಲೊವಾಕಿಯಾದ ಸಂಸ್ಥೆ. ಅದರ ಸ್ಥಾಪಕ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡನು. ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ‘ಜಾವಾ’ ಎಂಬ ಹೆಸರು ಹುಟ್ಟಿತು. ಭಾರತದಲ್ಲಿ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಆರಂಭಿಸಿದರು. ಯಾದವಗಿರಿಯಲ್ಲಿದ್ದ ಕಾರ್ಖಾನೆಯಿಂದ 1961ರ ವೇಳೆಗೆ ವಾಹನಗಳು ಹೊರಬರತೊಡಗಿದವು. 1973ರಿಂದ ‘ಯೆಜ್ಡಿ’ ಎಂಬ ಹೆಸರು ಬಳಕೆಗೆ ಬಂದಿತು. 1978ರಲ್ಲಿ ಬಂದ ರೋಡ್‌ಕಿಂಗ್ ಮಾದರಿ ಬಹಳ ಜನಪ್ರಿಯವಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆಯು 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಭಾರತದ ಮಾರುಕಟ್ಟೆಗೆ ಮರಳಿ ತಂದಿತು. ಆದರೆ ಈ ಹೊಸ ವಾಹನಗಳದು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್. ಅದರ ಭಾಗಗಳು ಹಳೆಯ ಎಂಜಿನ್ನಿಗೆ ಹೊಂದುವುದಿಲ್ಲ.

## ಎಂಜಿನ್ನಿನ ರಚನೆ

ಮೈಸೂರಿನಲ್ಲಿ ತಯಾರಾದ 250 ಸಿ.ಸಿ. ಜಾವಾ, ಗಾಳಿಯಿಂದ ತಂಪಾಗುವ ಒಂಟಿ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ ಹೊಂದಿದೆ. ಸಿಲಿಂಡರಿನ ಒಳವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಸಿಲಿಂಡರ್ ಎರಕದ ಕಬ್ಬಿಣದ್ದು. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಸಿಲಿಂಡರ್ ಒಂದೇ ಆದರೂ ಹೊಗೆ ಹೊರಹೋಗುವ ದ್ವಾರಗಳು ಎರಡು, ಆದ್ದರಿಂದ ಸೈಲೆನ್ಸರುಗಳೂ ಎರಡು.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕವಾಟಗಳಿರುವುದಿಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಚಲಿಸುತ್ತ ಸಿಲಿಂಡರಿನ ಗೋಡೆಯಲ್ಲಿರುವ ದ್ವಾರಗಳನ್ನು ತೆರೆದು ಮುಚ್ಚುತ್ತದೆ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಪಿಸ್ಟನ್ ಹಾಗೂ ಬೇರಿಂಗುಗಳಿಗೆ ಬೇಕಾದ ಜಿಡ್ಡು ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯಿಂದಲೇ ದೊರೆಯಬೇಕು. ಆಯಿಲ್‌ಕಿಂಗ್ ಮಾದರಿಯಲ್ಲಿ ಮಾತ್ರ ಪ್ರತ್ಯೇಕ ಎಣ್ಣೆ ಪಂಪು ಇತ್ತು.

ಗೇರ್ ಮತ್ತು ಕಿಕ್ಕರ್ ಎರಡಕ್ಕೂ ಎಡಬದಿಯ ಒಂದೇ ಲಿವರ್ ಇರುವುದು ಈ ವಾಹನದ ವಿಶೇಷ. ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್ ಆಗುತ್ತದೆ. ಜಾವಾದ ಎಡಬದಿಯ ಕವಚದೊಳಗೆ ಕ್ಲಚ್ ಮತ್ತು ಚೈನು, ಬಲಬದಿಯಲ್ಲಿ 6 ವೋಲ್ಟಿನ ಡೈನಮೋ ಇವೆ.

## ಎಂಜಿನ್ ಕಚ್ಚಿಕೊಳ್ಳಲು ಕಾರಣಗಳು

ಕಾರಣಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಓಡುವಾಗ ಕಚ್ಚಿಕೊಳ್ಳುವುದು. ಅಲ್ಯೂಮಿನಿಯಂ ಬಿಸಿಯಾದಾಗ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎಣ್ಣೆ ಕಡಿಮೆಯಾದರೆ, ಮಿಶ್ರಣದಲ್ಲಿ ಗಾಳಿ ಹೆಚ್ಚಾದರೆ ಅಥವಾ ಕಿಡಿಯ ಸಮಯ ತಪ್ಪಿದರೆ ಪಿಸ್ಟನ್ ಅತಿಯಾಗಿ ಕಾದು ಸಿಲಿಂಡರಿಗೆ ಒತ್ತಿಕೊಳ್ಳುತ್ತದೆ. ಲಘುವಾಗಿ ಹಿಡಿದಿದ್ದರೆ ತಣಿದ ಮೇಲೆ ತಾನೇ ಬಿಡುತ್ತದೆ. ತೀವ್ರವಾಗಿದ್ದರೆ ಅಲ್ಯೂಮಿನಿಯಂ ಕರಗಿ ಸಿಲಿಂಡರಿನ ಗೋಡೆಗೆ ಮೆತ್ತಿಕೊಳ್ಳುತ್ತದೆ.

ಎರಡನೆಯದು ನಿಂತಲ್ಲೇ ಕಚ್ಚಿಕೊಳ್ಳುವುದು. ನಿಲ್ಲಿಸಿದ ಎಂಜಿನ್ನಿನಲ್ಲಿ ಪಿಸ್ಟನ್ ಸಾಮಾನ್ಯವಾಗಿ ಯಾವುದಾದರೊಂದು ದ್ವಾರವನ್ನು ತೆರೆದೇ ಇರುತ್ತದೆ. ಆ ದಾರಿಯಿಂದ ತೇವಾಂಶ ಒಳಸೇರಿ ಕಬ್ಬಿಣದ ಗೋಡೆಗೂ ರಿಂಗುಗಳಿಗೂ ತುಕ್ಕು ಹಿಡಿಸುತ್ತದೆ. ಹಳೆಯ ಎಣ್ಣೆ ಒಣಗಿ ಅಂಟಾಗಿ ರಿಂಗುಗಳನ್ನು ಗಾಡಿಯಲ್ಲೇ ಹಿಡಿದುಬಿಡುತ್ತದೆ. ಕ್ರ್ಯಾಂಕಿನ ಬೇರಿಂಗುಗಳಿಗೂ ಇದೇ ಗತಿ. ಬಯಲುಸೀಮೆಯ ಈ ಜಿಲ್ಲೆಯಲ್ಲಿ ಮಳೆಗಾಲದ ತೇವವೂ ರಾತ್ರಿ–ಹಗಲಿನ ಉಷ್ಣಾಂಶದ ಅಂತರವೂ ಲೋಹದ ಮೇಲೆ ನೀರಹನಿ ಕಟ್ಟಿಸುತ್ತವೆ. ಪ್ಲಗ್ ಬಿಚ್ಚಿ ಹಾಗೆಯೇ ಬಿಟ್ಟ ವಾಹನ ಬೇಗ ಹಾಳಾಗುತ್ತದೆ.

## ಪೂರ್ವಪರೀಕ್ಷೆ

ಬಿಚ್ಚುವ ಮೊದಲು ಎಂಜಿನ್ ಸಂಖ್ಯೆ ಮತ್ತು ಚಾಸಿ ಸಂಖ್ಯೆಗಳನ್ನು ನೋಂದಣಿ ಪುಸ್ತಕದೊಂದಿಗೆ ಹೋಲಿಸಬೇಕು. ಉಜ್ಜುಕಾಗದ, ಆಮ್ಲ ಅಥವಾ ಮರಳು ಸಿಡಿತದ ಶುಚಿಯಿಂದ ಈ ಸಂಖ್ಯೆಗಳು ಮಾಸಿದರೆ ವಾಹನದ ಕಾನೂನುಬದ್ಧ ಗುರುತೇ ಹೋದಂತೆ. ಪ್ರತಿ ಹಂತದಲ್ಲಿ ಛಾಯಾಚಿತ್ರ ತೆಗೆದು, ಬಿಚ್ಚಿದ ನಟ್ಟು ಬೋಲ್ಟುಗಳನ್ನು ಹೆಸರು ಬರೆದ ಬೇರೆ ಬೇರೆ ಡಬ್ಬಿಗಳಲ್ಲಿಡುವುದು ಒಳ್ಳೆಯ ರೂಢಿ.

ಕಿಕ್ಕರ್ ಅಲುಗದಿದ್ದ ಮಾತ್ರಕ್ಕೆ ಪಿಸ್ಟನ್ ಕಚ್ಚಿದೆ ಎಂದು ತೀರ್ಮಾನಿಸಲಾಗದು. ಕಿಕ್ಕರಿನ ಹಲ್ಲು, ಗೇರುಪೆಟ್ಟಿಗೆ ಅಥವಾ ಚೈನು ಸಹ ಸಿಕ್ಕಿಕೊಂಡಿರಬಹುದು. ಬಲಬದಿಯ ಕವಚ ತೆಗೆದು, ಡೈನಮೋದ ನಡುವಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಮೆಲ್ಲಗೆ ತಿರುಗಿಸಿ ನೋಡಿದರೆ ಕ್ರ್ಯಾಂಕಿನ ಸ್ಥಿತಿ ನೇರವಾಗಿ ತಿಳಿಯುತ್ತದೆ. ಸೈಲೆನ್ಸರ್ ಕೊಳವೆಗಳನ್ನು ಬಿಚ್ಚಿ ಟಾರ್ಚು ಹಾಯಿಸಿದರೆ ದ್ವಾರದ ಮೂಲಕ ಪಿಸ್ಟನ್ನಿನ ಪಕ್ಕವೂ ತುಕ್ಕಿನ ಪ್ರಮಾಣವೂ ಕಾಣುತ್ತವೆ. ಕಿಕ್ಕರಿನ ಮೇಲೆ ಹತ್ತಿ ತುಳಿಯುವುದರಿಂದ ಅದರ ದಂಡ ಮತ್ತು ಹಲ್ಲುಗಳು ಮುರಿಯುತ್ತವೆಯೇ ಹೊರತು ಪಿಸ್ಟನ್ ಬಿಡುವುದಿಲ್ಲ.

## ಪಿಸ್ಟನ್ ಬಿಡಿಸುವ ವಿಧಾನಗಳು

### ನೆನೆಸುವುದು

ಪ್ಲಗ್ ತೆಗೆದು, ತುಕ್ಕಿನ ಸಂದಿಗೆ ಇಳಿಯುವ ತೆಳುವಾದ ಎಣ್ಣೆಯನ್ನು ಸಿಲಿಂಡರಿಗೆ ಸುರಿಯಬೇಕು. ಡೀಸೆಲ್ ಮತ್ತು ಎಂಜಿನ್ ಎಣ್ಣೆಯ ಮಿಶ್ರಣ ಹಳ್ಳಿಯ ಗ್ಯಾರೇಜುಗಳಲ್ಲಿಯೂ ಸುಲಭವಾಗಿ ಸಿಗುತ್ತದೆ. ಆಟೊಮ್ಯಾಟಿಕ್ ಗೇರಿನ ಎಣ್ಣೆಗೆ ಸಮಪಾಲು ಅಸಿಟೋನ್ ಬೆರೆಸಿಯೂ ಬಳಸುತ್ತಾರೆ. ಅಸಿಟೋನ್ ಬೇಗ ಬೆಂಕಿ ಹಿಡಿಯುವುದರಿಂದ ಅದನ್ನು ಬಯಲಲ್ಲಿ ಮಾತ್ರ ಬಳಸಬೇಕು. ಹೊಗೆದ್ವಾರದ ಮೂಲಕವೂ ಎಣ್ಣೆ ಬಿಟ್ಟರೆ ಪಿಸ್ಟನ್ನಿನ ಪಕ್ಕಗಳು ನೆನೆಯುತ್ತವೆ. ಹಲವು ದಿನ, ಕೆಲವೊಮ್ಮೆ ವಾರಗಳವರೆಗೆ ಎಣ್ಣೆ ತುಂಬುತ್ತ ಕಾಯಬೇಕಾಗುತ್ತದೆ. ಅನಂತರ ಗೇರಿನಲ್ಲಿಟ್ಟು ವಾಹನವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಿ ನೋಡಬಹುದು. ಕೂದಲೆಳೆಯಷ್ಟು ಚಲಿಸಿದರೂ ಸಾಕು. ಮತ್ತೆ ಎಣ್ಣೆ ಹಾಕಿ ಮುಂದುವರಿಯಬೇಕು.

### ಕಾಯಿಸುವುದು

ಸಿಲಿಂಡರಿನ ಹೊರಮೈಗೆ ಬಿಸಿಗಾಳಿ ಹಾಯಿಸಿದರೆ ಕಬ್ಬಿಣ ಮೊದಲು ಹಿಗ್ಗಿ ತುಕ್ಕಿನ ಹಿಡಿತ ಸಡಿಲವಾಗುತ್ತದೆ. ಹೆಚ್ಚು ಹೊತ್ತು ಕಾಯಿಸಿದರೆ ಪಿಸ್ಟನ್ನೂ ಬಿಸಿಯೇರಿ ಹಿಗ್ಗುವುದರಿಂದ ಪ್ರಯೋಜನವಿಲ್ಲ. ಒಳಗೆ ಎಣ್ಣೆ ಅಥವಾ ಪೆಟ್ರೋಲಿನ ಆವಿ ಇರುವಾಗ ಬೆಂಕಿಯ ಜ್ವಾಲೆಯನ್ನು ಎಂದಿಗೂ ಬಳಸಬಾರದು.

### ಮರದ ತುಂಡಿನಿಂದ ತಟ್ಟುವುದು

ಹೆಡ್ಡಿನ ನಟ್ಟುಗಳನ್ನು ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಹೆಡ್ ತೆಗೆಯಬೇಕು. ಪಿಸ್ಟನ್ನಿನ ಅಗಲಕ್ಕೆ ಹೊಂದುವ ಗಟ್ಟಿ ಮರದ ತುಂಡನ್ನಿಟ್ಟು ಹಗುರವಾಗಿ ತಟ್ಟಬೇಕು. ಪಿಸ್ಟನ್ ಚಲನೆಯ ತುತ್ತತುದಿಯಲ್ಲೋ ಕೆಳತುದಿಯಲ್ಲೋ ನಿಂತಿದ್ದರೆ ಹೊಡೆತ ನೇರವಾಗಿ ಕನೆಕ್ಟಿಂಗ್ ರಾಡ್ ಮತ್ತು ಬೇರಿಂಗಿಗೆ ಬೀಳುತ್ತದೆ. ಕ್ರ್ಯಾಂಕ್ ಯಾವ ಕಡೆಗೂ ತಿರುಗದು. ಕೆಳತುದಿಯಲ್ಲಿ ಕಚ್ಚಿದ್ದು ಕ್ರ್ಯಾಂಕ್ ಸಡಿಲವಾಗಿದ್ದರೆ ಸಿಲಿಂಡರನ್ನು ಪಿಸ್ಟನ್ ಸಮೇತ ಮೇಲಕ್ಕೆತ್ತಿ, ಅಡಿಯಲ್ಲಿ ಮರದ ಆಸರೆ ಕೊಟ್ಟು, ಆಮೇಲೆ ಪಿಸ್ಟನ್ನನ್ನು ಕೆಳಕ್ಕೆ ತಟ್ಟಬಹುದು. ಸಿಲಿಂಡರಿನ ರೆಕ್ಕೆಗಳಿಗೆ ಸ್ಕ್ರೂಡ್ರೈವರ್ ಕೊಟ್ಟು ಎಬ್ಬಿದರೆ ಅವು ಮುರಿಯುತ್ತವೆ. ಎರಕದ ಕಬ್ಬಿಣ ಬಾಗದು, ಒಡೆಯುತ್ತದೆ.

### ಗ್ರೀಸಿನ ಒತ್ತಡ

ಪ್ಲಗ್ಗಿನ ಜಾಗಕ್ಕೆ ಹೊಂದುವ ಮರೆಯನ್ನು ಲೇತಿನಲ್ಲಿ ಮಾಡಿಸಿ, ಗ್ರೀಸ್ ಗನ್ನಿನಿಂದ ಗ್ರೀಸ್ ತುಂಬಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುವ ವಿಧಾನವೂ ಇದೆ. ಪಿಸ್ಟನ್ ಎಲ್ಲ ದ್ವಾರಗಳನ್ನು ಮುಚ್ಚಿರುವ ಎತ್ತರದಲ್ಲಿ ಕಚ್ಚಿದ್ದರೆ ಮಾತ್ರ ಇದು ಫಲಿಸುತ್ತದೆ. ಇಲ್ಲವಾದರೆ ಗ್ರೀಸ್ ದ್ವಾರದಿಂದ ಹೊರಬರುತ್ತದೆ.

## ಅಳತೆ ಮತ್ತು ದುರಸ್ತಿ

ಪಿಸ್ಟನ್ ಬಿಟ್ಟೊಡನೆ ಪ್ಲಗ್ ಹಾಕಿ ಎಂಜಿನ್ ಶುರು ಮಾಡುವ ಆಸೆ ಸಹಜ. ಆದರೆ ತುಕ್ಕಿನ ಪುಡಿ ಕ್ರ್ಯಾಂಕ್ ಕೋಣೆಗೆ ಇಳಿದಿರುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಆ ಪುಡಿ ಬೇರಿಂಗುಗಳ ಮೂಲಕವೇ ಹಾದು ಮತ್ತೆ ಸಿಲಿಂಡರಿಗೆ ಏರುತ್ತದೆ. ಆದ್ದರಿಂದ ಎಂಜಿನ್ನನ್ನು ಪೂರ್ಣವಾಗಿ ಬಿಚ್ಚಿ ತೊಳೆಯುವುದೇ ಸರಿಯಾದ ಕ್ರಮ.

* ಸಿಲಿಂಡರ್: ಬೋರ್ ಗೇಜಿನಿಂದ ಮೇಲೆ, ನಡುವೆ ಮತ್ತು ಕೆಳಗೆ ಎರಡು ದಿಕ್ಕುಗಳಲ್ಲಿ ಅಳೆಯಬೇಕು. ಉಗುರಿಗೆ ತಾಗುವ ಗುಳಿ ಅಥವಾ ಗೀರುಗಳಿದ್ದರೆ ಬೋರಿಂಗ್ ಮಾಡಿಸಿ ಹೆಚ್ಚಿನ ಅಳತೆಯ ಪಿಸ್ಟನ್ ಹಾಕಬೇಕು. ಇಂತಹ ಪಿಸ್ಟನ್‌ಗಳು ಸಾಮಾನ್ಯವಾಗಿ 0.25 ಮಿ.ಮೀ. ಹಂತಗಳಲ್ಲಿ ಬರುತ್ತವೆ. ಮೊದಲು ಪಿಸ್ಟನ್ ಕೊಂಡು, ಅದರ ಅಳತೆಗೆ ತಕ್ಕಂತೆ ಬೋರಿಂಗ್ ಮಾಡಿಸಬೇಕು. ಕೊನೆಗೆ ದ್ವಾರಗಳ ಚೂಪು ಅಂಚುಗಳನ್ನು ನಯಗೊಳಿಸದಿದ್ದರೆ ರಿಂಗುಗಳು ಸಿಕ್ಕಿ ಮುರಿಯುತ್ತವೆ.
* ಪಿಸ್ಟನ್ ಮತ್ತು ರಿಂಗುಗಳು: ರಿಂಗ್ ತಿರುಗದಂತೆ ಗಾಡಿಯಲ್ಲಿ ಸಣ್ಣ ಮೊಳೆಯಿರುತ್ತದೆ. ರಿಂಗಿನ ಎರಡೂ ತುದಿಗಳು ಆ ಮೊಳೆಯ ಬಳಿ ಕೂಡಬೇಕು. ಸಿಲಿಂಡರಿನೊಳಗೆ ತುದಿಗಳ ನಡುವೆ ಸುಮಾರು 0.2ರಿಂದ 0.3 ಮಿ.ಮೀ. ಅಂತರವಿರಬೇಕು. ಪಿಸ್ಟನ್ ತಲೆಯ ಮೇಲೆ ಬಾಣದ ಗುರುತಿದ್ದರೆ ಅದು ಹೊಗೆದ್ವಾರದ ಕಡೆಗಿರಬೇಕು.
* ಕ್ರ್ಯಾಂಕ್: ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದಾಗ ಸಡಿಲು ಕಂಡರೆ ಅದರ ಬೇರಿಂಗ್ ಸವೆದಿದೆ. ಇಲ್ಲಿನ ಕ್ರ್ಯಾಂಕ್ ಹಲವು ತುಂಡುಗಳನ್ನು ಒತ್ತಿ ಜೋಡಿಸಿದ್ದು. ಅದನ್ನು ಬಿಡಿಸಿ ಕೂಡಿಸಲು ಪ್ರೆಸ್ ಯಂತ್ರವೂ, ನೇರವಾಗಿದೆಯೇ ಎಂದು ನೋಡಲು ಡಯಲ್ ಗೇಜೂ ಬೇಕು.
* ಆಯಿಲ್ ಸೀಲುಗಳು: ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ರಬ್ಬರು ಗಟ್ಟಿಯಾಗಿರುತ್ತದೆ. ಎಡಬದಿಯ ಸೀಲ್ ಸೋರಿದರೆ ಗೇರಿನ ಎಣ್ಣೆ ಒಳಕ್ಕೆ ಎಳೆದುಕೊಂಡು ದಟ್ಟ ಹೊಗೆ ಬರುತ್ತದೆ. ಬಲಬದಿಯದು ಸೋರಿದರೆ ಹೊರಗಿನ ಗಾಳಿ ಸೇರಿ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಹೊಸ ಪಿಸ್ಟನ್ ಹಾಕಿದ ಎಂಜಿನ್ ಮತ್ತೆ ಕಚ್ಚಿಕೊಳ್ಳಲು ಇದೂ ಒಂದು ಕಾರಣ.

ಬೆಂಗಳೂರಿನ ಜೆ.ಸಿ. ರಸ್ತೆ ವಾಹನ ಬಿಡಿಭಾಗಗಳ ಹಳೆಯ ಮಾರುಕಟ್ಟೆ. ನೆಲಮಂಗಲದ ಹಾದಿಯಲ್ಲಿರುವ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸಗಳು ನಡೆಯುತ್ತವೆ. ಈಗ ದೊರೆಯುವ ಭಾಗಗಳಲ್ಲಿ ಬಹುಪಾಲು ಅನುಕರಣೆಯವು. ಆದ್ದರಿಂದ ಜೋಡಿಸುವ ಮೊದಲು ಪ್ರತಿಯೊಂದನ್ನೂ ಅಳೆಯಬೇಕು. ಸುಸ್ಥಿತಿಯಲ್ಲಿರುವ ಮೂಲ ಭಾಗವನ್ನು ಎಸೆಯಬಾರದು.

## ಇಂಧನ ಮತ್ತು ವಿದ್ಯುತ್ ವ್ಯವಸ್ಥೆ

ಟ್ಯಾಂಕಿನ ತುಕ್ಕನ್ನು ತೆಗೆಯದೆ ಪೆಟ್ರೋಲು ತುಂಬಿದರೆ ಕಾರ್ಬುರೇಟರಿನ ಜೆಟ್ಟುಗಳು ಕಟ್ಟಿಕೊಂಡು ಮಿಶ್ರಣ ತೆಳುವಾಗುತ್ತದೆ. ಟ್ಯಾಂಕನ್ನು ದುರ್ಬಲ ಆಮ್ಲದಿಂದ ತೊಳೆದು, ಅಡುಗೆ ಸೋಡಾದ ನೀರಿನಿಂದ ಜಾಲಿಸಿ, ಪೂರ್ಣ ಒಣಗಿಸಬೇಕು. ಕಾರ್ಬುರೇಟರನ್ನು ಬಿಚ್ಚಿ ಸಣ್ಣ ರಂಧ್ರಗಳನ್ನು ಒತ್ತಡದ ಗಾಳಿಯಿಂದ ಶುಚಿಗೊಳಿಸಬೇಕು. ತಂತಿ ತೂರಿಸಿದರೆ ರಂಧ್ರ ಅಗಲವಾಗುತ್ತದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಹಾಳುಮಾಡುತ್ತದೆ. ಪೆಟ್ರೋಲು ಕೊಳವೆ ಬದಲಿಸುವುದೂ, ವಾಹನ ಬಹುದಿನ ನಿಲ್ಲುವುದಾದರೆ ಟ್ಯಾಂಕ್ ಬರಿದು ಮಾಡುವುದೂ ಕ್ಷೇಮ.

ಡೈನಮೋ ಇರುವ ಮಾದರಿಗಳಲ್ಲಿ ಕಿಡಿಗೆ ಬ್ಯಾಟರಿಯ ವಿದ್ಯುತ್ತು ಅಗತ್ಯ. ಬ್ಯಾಟರಿ, ಕಾಯಿಲ್, ಕಂಡೆನ್ಸರ್ ಪರೀಕ್ಷಿಸಿ, ಪಾಯಿಂಟಿನ ಅಂತರ ಮತ್ತು ಕಿಡಿಯ ಸಮಯವನ್ನು ಆಯಾ ಮಾದರಿಯ ಕೈಪಿಡಿಯಂತೆ ಹೊಂದಿಸಬೇಕು.

## ಮೊದಲ ಚಾಲನೆ ಮತ್ತು ಪಳಗಿಸುವಿಕೆ

ಸಾಮಾನ್ಯ ಓಟಕ್ಕೆ 25 ಭಾಗ ಪೆಟ್ರೋಲಿಗೆ 1 ಭಾಗ ಟೂ ಸ್ಟ್ರೋಕ್ ಎಣ್ಣೆ, ಅಂದರೆ ಲೀಟರಿಗೆ 40 ಮಿ.ಲೀ. ಹಳೆಯ ಜಾವಾಗಳಿಗೆ ಬಳಸುವ ಪ್ರಮಾಣ. ಹೊಸ ಬೋರಿಂಗ್ ಆದ ಎಂಜಿನ್ನಿಗೆ ಆರಂಭದಲ್ಲಿ ಲೀಟರಿಗೆ 50 ಮಿ.ಲೀ. ಹಾಕುತ್ತಾರೆ.

ಶುರು ಮಾಡುವ ಮೊದಲು ಪ್ಲಗ್ ಹೊರಗಿಟ್ಟು ಹಲವು ಬಾರಿ ಕಿಕ್ ಮಾಡಿ ಚಲನೆ ಸರಾಗವಾಗಿದೆಯೇ ನೋಡಬೇಕು. ಚಾಲನೆ ಬಯಲಲ್ಲಿ ನಡೆಯಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ತುಂಬುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದ ವಿಷಾನಿಲ. ಬೆಂಕಿನಂದಕ ಕೈಗೆಟಕುವಂತಿರಲಿ. ಮೊದಲ ಕೆಲವು ನಿಮಿಷ ಒಳಗಿನ ಉಳಿಕೆ ಎಣ್ಣೆ ಉರಿದು ಬಿಳಿಹೊಗೆ ಬರುವುದು ಸ್ವಾಭಾವಿಕ. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಪೂರ್ಣ ತಣಿಯಲು ಬಿಟ್ಟು, ಮತ್ತೆ ಓಡಿಸುವುದನ್ನು ಹಲವು ಬಾರಿ ಮಾಡಿ, ಹೆಡ್ಡಿನ ನಟ್ಟುಗಳ ಬಿಗಿ ಪರೀಕ್ಷಿಸಬೇಕು. ಮೊದಲ 500ರಿಂದ 1000 ಕಿ.ಮೀ.ವರೆಗೆ ವೇಗವನ್ನು ಮಿತಿಯಲ್ಲಿಡಬೇಕು. ಓಡುವಾಗ ಎಂಜಿನ್ ಬಿಗಿಯುತ್ತಿರುವಂತೆ ಅನಿಸಿದ ಕೂಡಲೇ ಕ್ಲಚ್ ಹಿಡಿದು ಬದಿಗೆ ನಿಲ್ಲಿಸಬೇಕು. ತಡಮಾಡಿದರೆ ಹಿಂದಿನ ಚಕ್ರವೇ ನಿಂತು ಸವಾರ ಬೀಳಬಹುದು.

## ನೋಂದಣಿ ನಿಯಮಗಳು

ಖಾಸಗಿ ವಾಹನದ ನೋಂದಣಿ 15 ವರ್ಷ ಚಾಲ್ತಿಯಲ್ಲಿರುತ್ತದೆ. ಅನಂತರ ತಪಾಸಣೆಗೆ ಒಳಪಡಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2021ರ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ರೂಪದಲ್ಲಿ ಗಣನೀಯ ಬದಲಾವಣೆಯಾಗದ ಖಾಸಗಿ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅವುಗಳ ಸಂಖ್ಯೆಯಲ್ಲಿ ‘ವಿ.ಎ.’ ಅಕ್ಷರಗಳಿರುತ್ತವೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮರುನೋಂದಣಿಗೆ 5,000 ರೂಪಾಯಿ ಎಂದು ನಿಗದಿಪಡಿಸಲಾಯಿತು. ಹೀಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕೂ ವಾಣಿಜ್ಯ ಉದ್ದೇಶಕ್ಕೂ ಬಳಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ ಮುಂತಾದವುಗಳಿಗೆ ಮಾತ್ರ ರಸ್ತೆಗೆ ತರಬಹುದು.

## ಅಭಿಮಾನಿಗಳ ಕೂಟಗಳು

ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಅಂತರರಾಷ್ಟ್ರೀಯ ಜಾವಾ ಯೆಜ್ಡಿ ದಿನವೆಂದು ಆಚರಿಸಲಾಗುತ್ತದೆ. ಬೆಂಗಳೂರು, ಮೈಸೂರು ಮೊದಲಾದ ನಗರಗಳಲ್ಲಿ ಮಾಲೀಕರು ತಮ್ಮ ವಾಹನಗಳೊಂದಿಗೆ ಸೇರುತ್ತಾರೆ. ಹಳೆಯ ಕೈಪಿಡಿಗಳ ಪ್ರತಿ, ಬಿಡಿಭಾಗಗಳ ವಿನಿಮಯ, ಅನುಭವಿ ಮೆಕ್ಯಾನಿಕರ ಸಲಹೆ ಇಂತಹ ಕೂಟಗಳಲ್ಲಿ ದೊರೆಯುತ್ತವೆ. ಕಾರ್ಖಾನೆಯ ಕಾಲದಲ್ಲಿ ಕೆಲಸ ಕಲಿತ ಮೆಕ್ಯಾನಿಕರು ವಯಸ್ಸಾಗುತ್ತಿರುವುದರಿಂದ, ಅವರ ಕೈಚಳಕವನ್ನು ನೋಡಿ ಕಲಿತು ಬರೆದಿಡುವುದೂ ಪುನಶ್ಚೇತನದ ಒಂದು ಭಾಗವೇ ಆಗಿದೆ.

## ಇವನ್ನೂ ನೋಡಿ

* ಐಡಿಯಲ್ ಜಾವಾ
* ಅಂತರ್ದಹನ ಎಂಜಿನ್
* ಕಾರ್ಬುರೇಟರ್
* ಬೆಂಗಳೂರು ಗ್ರಾಮಾಂತರ ಜಿಲ್ಲೆ